ಮಡಕೆಯ ಪಂಚನಾಮೆ

ಚಿರತೆ ನಮ್ಮ ಮೇಕೆ ತಿಂದಿದ್ದಕ್ಕೆ ಸರ್ಕಾರ ನಮ್ಮ ಮಡಕೆ ನೋಡಲು ಬಂತು.

ಹೇಳಿದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಆ ಮಡಕೆಯನ್ನು ಒಲೆಯಿಂದ ಇಳಿಸಿ, ಬೀದಿಗೆ ತಂದು, ಜೀಪಿನ ಮುಂದೆ ಇಟ್ಟವಳು ನಾನೇ.

ನಾನು ಹುಲುಗಮ್ಮ. ಪಕ್ಕೀರಮ್ಮನ ಸೊಸೆ. ನಮ್ಮೂರು ಉಜ್ಜಿನಿಯ ಆಚೆ, ಕಲ್ಲುಗುಡ್ಡದ ಬುಡದಲ್ಲಿದೆ. ಊರು ಮುಗಿದ ಮೇಲೆ ಹಳ್ಳ, ಹಳ್ಳ ದಾಟಿದರೆ ನಮ್ಮ ಮಾದಿಗರ ಕೇರಿ, ಕೇರಿ ಮುಗಿದರೆ ಗುಡ್ಡ. ಊರಿಗೂ ಚಿರತೆಗೂ ನಡುವೆ ನಮ್ಮನ್ನು ಇಟ್ಟಿದ್ದಾರೆ. ಇಟ್ಟವರು ಯಾರೋ ಗೊತ್ತಿಲ್ಲ, ಲೆಕ್ಕ ಹಾಕಿಯೇ ಇಟ್ಟಿದ್ದಾರೆ.

ಆ ವರ್ಷ ಎಲ್ಲಿ ನೋಡಿದರೂ ಅದಿರಿನ ಮಾತು. ನನ್ನ ಗಂಡನೂ ಸಂಡೂರಿನ ಕಡೆ ಲಾರಿಗೆ ಅದಿರು ತುಂಬುವ ಕೂಲಿಗೆ ಹೋಗಿದ್ದ. ಮನೆಯಲ್ಲಿ ಉಳಿದದ್ದು ಅತ್ತೆ, ನಾನು, ಮೂರು ಮೇಕೆ.

ಆ ಮೇಕೆಗಳು ಆಕಾಶದಿಂದ ಉದುರಿದ್ದಲ್ಲ. ಅತ್ತೆ ಶಿವಯೋಗಪ್ಪಗೌಡರ ಮೇಕೆಯನ್ನು ಎಷ್ಟೋ ವರ್ಷ ಪಾಲಿಗೆ ಸಾಕಿದ್ದಳು. ಪಾಲೆಂದರೆ ಹೀಗೆ: ಮೇಕೆ ಗೌಡರದು, ಮೇವು, ಬೆವರು, ಮುಳ್ಳು ನಮ್ಮದು. ಎರಡು ಮರಿ ಈದರೆ ಒಂದು ಅವರಿಗೆ, ಒಂದು ನಮಗೆ. ಒಂದೇ ಈದರೆ ಅದು ಅವರಿಗೆ. ಸತ್ತ ಮರಿ ಮಾತ್ರ ಯಾವಾಗಲೂ ನಮ್ಮ ಪಾಲಿಗೆ. ಹಾಗೆ ಸಾಕಿ ಸಾಕಿ ಅತ್ತೆ ತನ್ನದು ಅನ್ನುವ ಮೂರು ಜೀವ ಮಾಡಿಕೊಂಡಿದ್ದಳು. ದೋಟಿ ಹಿಡಿದು ಜಾಲಿ ಟೊಂಗೆ ಎಳೆದು ಅವಳ ಅಂಗೈಯಲ್ಲಿ ಮುಳ್ಳಿನ ಮೊನೆಗಳು ಮುರಿದು ಒಳಗೇ ಉಳಿದಿದ್ದವು. ರೊಟ್ಟಿ ಬಡಿಯುವಾಗ ಮುಖ ಕಿವುಚುತ್ತಿದ್ದಳು. ನಾನು ಬಡಿಯುತ್ತೇನೆ ಎಂದರೆ ಬಿಡುತ್ತಿರಲಿಲ್ಲ.

ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಚಿರತೆ ಗುಡ್ಡದ ಬುಡಕ್ಕೆ ಇಳಿಯಿತು. ಒಂದು ಮೇಕೆಯ ಕುತ್ತಿಗೆ ಮುರಿದು ಅಲ್ಲೇ ಕೆಡವಿತು. ಇನ್ನೊಂದನ್ನು ಬಂಡೆಗಳ ನಡುವೆ ಎಳೆದುಕೊಂಡು ಹೋಯಿತು. ಅತ್ತೆ ಓಡಿಹೋಗಲಿಲ್ಲ. ದೋಟಿ ಬೀಸುತ್ತಾ, ಕಲ್ಲು ತೂರುತ್ತಾ, ಅದರ ಹಿಂದೆ ಬಂಡೆ ಹತ್ತಿದಳು. ಬಾಯಿಗೆ ಬಂದ ಬೈಗಳನ್ನೆಲ್ಲ ಬೈದಳು. ಅರ್ಧ ತಿಂದ ಮೇಕೆಯನ್ನು ಬಿಟ್ಟು ಚಿರತೆಯೇ ಮೇಲಕ್ಕೆ ಹೋಯಿತು. ಕೂಗು ಕೇಳಿ ನಾನು ಓಡಿಹೋದೆ. ಅವಳು ಒಂದನ್ನು ಹೆಗಲ ಮೇಲೆ ಹೊತ್ತಳು, ನಾನು ಇನ್ನೊಂದನ್ನು ಹೊತ್ತೆ. ರಕ್ತ ಕುಪ್ಪಸದೊಳಗೆ ಇಳಿದು ಹೊಟ್ಟೆಯ ಮೇಲೆ ಬಿಸಿಯಾಗಿ ಹರಿಯಿತು. ಮೂರನೆಯದು, ಗಬ್ಬದ ಕೆಂಪಿ, ತಾನೇ ಮನೆಗೆ ಓಡಿಬಂದು ಒಲೆಯ ಹಿಂದೆ ಅಡಗಿ ನಿಂತಿತ್ತು.

ನಮ್ಮ ಕೇರಿಯಲ್ಲಿ ಒಂದು ಪದ್ಧತಿ ಇದೆ. ಮೃಗ ಹೊಡೆದ ಜೀವವನ್ನು ಮಣ್ಣಿಗೆ ಹಾಕಬಾರದು, ಒಬ್ಬರೇ ತಿನ್ನಲೂ ಬಾರದು. ಕೇರಿಯ ಪ್ರತಿ ಮನೆಗೂ ಒಂದು ಗುಡ್ಡೆ ಮಾಂಸ. ಒಯ್ದವರು ಕಳಕೊಂಡವಳ ಮೊರಕ್ಕೆ ಒಂದು ಸೇರು ಜೋಳ ಸುರಿಯಬೇಕು. ಇಲ್ಲದವರು ಅರ್ಧ ಸೇರು. ಅದೂ ಇಲ್ಲದವರು ಬೊಗಸೆ. ಕೇರಿಯ ಹಿರಿಯ ಬೊಮ್ಮಪ್ಪ ಕೊಯ್ದು ಗುಡ್ಡೆ ಹಾಕಿದ. ಅತ್ತೆ ಅಳುತ್ತಲೇ ಹಂಚಿದಳು. ಮೊರ ತುಂಬಿತು. ಯಾರೂ ಅರ್ಜಿ ಕೇಳಲಿಲ್ಲ. ಯಾರೂ ಫೋಟೋ ಹಿಡಿಯಲಿಲ್ಲ. ನಮ್ಮ ಪರಿಹಾರ ಅದೇ ಸಂಜೆ ನಮ್ಮ ಮನೆಗೆ ಬಂದಿತ್ತು.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಮರುದಿನ ಫಾರೆಸ್ಟ್ ಗಾರ್ಡ್ ಮಂಜಣ್ಣ ಹೆಜ್ಜೆ ನೋಡಿಕೊಂಡು ಬಂದ.

"ಚಿರತಿನ ಐತಿ. ಅರ್ಜಿ ಹಾಕ್ರಿ, ಸರ್ಕಾರ ಪರಿಹಾರ ಕೊಡತೈತಿ" ಎಂದ.

ಅತ್ತೆಗೆ ನಂಬಿಕೆ ಬರಲಿಲ್ಲ. "ನಮಗೂ ಕೊಡತೈತೇನು?" ಎಂದು ಎರಡೆರಡು ಸಲ ಕೇಳಿದಳು.

"ಚಿರತಿಗೆ ಜಾತಿ ಐತೇನಬೇ?" ಎಂದು ಮಂಜಣ್ಣ ನಕ್ಕ. ಚಿರತೆಗೆ ಇರಲಿಲ್ಲ, ನಿಜ.

ನಾನು ಏಳನೆಯ ಕ್ಲಾಸು ಓದಿದವಳು. ಅರ್ಜಿ ಬರೆದೆ. ಆಫೀಸಿಗೆ ಹೋದರೆ ಸಾಹೇಬರಿಲ್ಲ. ಮತ್ತೆ ಹೋದರೆ ಮೀಟಿಂಗು. ಮತ್ತೆ ಹೋದರೆ ವರಾಂಡದ ಕೆಳಗೆ ಬಿಸಿಲಲ್ಲಿ ನಿಲ್ಲಿಸಿದರು. ನೆರಳಿತ್ತು, ಬೆಂಚೂ ಇತ್ತು. "ಅಲ್ಲೇ ನಿಲ್ರಿ" ಎಂದ ಜವಾನ. ಕೂಲಿ ಬಿಟ್ಟು, ಬಸ್ಸಿಗೆ ಕೊಟ್ಟು, ನಿಂತು ಬಂದೆವು.

ಕೊನೆಗೊಂದು ದಿನ ಜೀಪು ಕೇರಿಗೆ ಬಂತು. ರೇಂಜರ್ ಸಾಹೇಬರು ಇಳಿದರು. ಅಷ್ಟೊತ್ತಿಗೆ ಮೇಕೆಯ ಚರ್ಮ ಒಣಗಿ ಹಲಗೆಯಾಗಿತ್ತು.

"ಸತ್ತ ಮೇಕೆ ಎಲ್ಲಿ?" ಎಂದರು.

"ತಿಂದ್ವಿ ಸಾಮಿ" ಎಂದಳು ಅತ್ತೆ. ಸುಳ್ಳು ಹೇಳಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ.

ರೇಂಜರು ಡ್ರೈವರನ ಮುಖ ನೋಡಿದರು. "ಏನಮ್ಮಾ, ಚಿರತೆ ತಿಂತೋ, ನೀವು ತಿಂದ್ರೋ?"

"ಅರ್ಧ ಅದು ತಿಂತು, ಅರ್ಧ ನಾವು ತಿಂದ್ವಿ."

ಜೀಪಿಗೆ ಜೀಪೇ ನಕ್ಕಿತು. ಅತ್ತೆ ಒಳಗೆ ಓಡಿ ಚರ್ಮ ತಂದು ಅವರ ಕಾಲ ಬಳಿ ಹರಡಿದಳು. "ನೋಡ್ರಿ ಸಾಮಿ, ಕುತ್ತಿಗಿ ತಾವ ಹಲ್ಲು ಇಳಿದಾವು."

ರೇಂಜರು ಅದನ್ನು ಬೂಟಿನ ತುದಿಯಿಂದ ತಿರುವಿದರು. "ಈ ತೂತು ಯಾರು ಬೇಕಾದರೂ ಮಾಡಬಹುದು. ಜೋಳ ಇಸ್ಕೊಂಡ್ಯಂತೆ?"

ಮಂಜಣ್ಣ ನೆಲ ನೋಡುತ್ತಿದ್ದ. ಹೇಳಿದವನು ಅವನೇ ಎಂದು ಗೊತ್ತಾಯಿತು.

"ಹೂಂ ಸಾಮಿ. ಕೇರಿಯವ್ರು ಕೊಟ್ರು."

"ಅಂದರೆ ಮಾಂಸ ಮಾರಿದ್ದೀಯ. ಬೆಲೆ ಬಂದಿದೆ. ಮತ್ತೆ ಸರ್ಕಾರ ಯಾಕೆ ಕೊಡಬೇಕು?"

"ಮಾರಿಲ್ಲ ಸಾಮಿ. ಅದು ಕೊಟ್ಟಿದ್ದು. ನಮ್ಮಾಗ ಹಂಗ ಕೊಡ್ತಾರ." ಅತ್ತೆ ತಡವರಿಸಿದಳು. ಕೊಡುವುದಕ್ಕೂ ಮಾರುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವರಿಗೆ ಅದನ್ನು ಹೇಗೆ ಹೇಳುವುದು? ನನಗೂ ಗೊತ್ತಾಗಲಿಲ್ಲ.

"ಇನ್ನೂ ಏನೇನು ಉಳಿಸಿಕೊಂಡಿದ್ದೀರಿ? ಮಡಕೆ ತನ್ನಿ" ಎಂದರು ರೇಂಜರು.

ನಾನು ತಂದು ಇಟ್ಟೆ. ಒಳಗಿದ್ದದ್ದು ಹುರುಳಿ ಸಾರು. ಡ್ರೈವರ್ ನಮ್ಮ ಮೇಕೆಯ ದೊಡ್ಡಿಯಿಂದ ಒಂದು ಕಡ್ಡಿ ಮುರಿದುಕೊಂಡ. ಹಿಕ್ಕೆ ಮೆತ್ತಿದ ಕಡ್ಡಿ. ಅದರಿಂದ ನಮ್ಮ ಸಾರನ್ನು ಕಲಕಿದ. "ಬರೀ ಹುರುಳಿ ಸಾರ್" ಎಂದ. ಆಮೇಲೆ ಹಗ್ಗದ ಮೇಲೆ ಒಣಗುತ್ತಿದ್ದ ಮಾಂಸದ ಚೂರುಗಳನ್ನು ನೋಡಿ ಅವುಗಳ ಫೋಟೋ ತೆಗೆದರು. ಮಡಕೆಯದೂ ತೆಗೆದರು. ಪಕ್ಕದಲ್ಲಿ ನಾನು ನಿಂತಿದ್ದೆ, ನನ್ನದೂ ಬಂದಿರಬೇಕು.

ನಮ್ಮ ಮೇಕೆಗೆ ಪಂಚನಾಮೆ ಆಗಲಿಲ್ಲ. ನಮ್ಮ ಮಡಕೆಗೆ ಆಯಿತು. ಆ ಸಾರನ್ನು ನಾವು ಹಳ್ಳಕ್ಕೆ ಚೆಲ್ಲಿ ಬರೀ ರೊಟ್ಟಿ ತಿಂದು ಮಲಗಿದೆವು.

ಆ ಮಾತು ಊರಿಗೆ ಮುಟ್ಟಲು ತಡವಾಗಲಿಲ್ಲ. ಹಿಟ್ಟಿನ ಗಿರಣಿಗೆ ಹೋದರೆ, "ಅರ್ಧ ಚಿರತಿ ಬಂತು ನೋಡ್ರಲೇ, ದಾರಿ ಬಿಡ್ರಿ!" ಅಂತ ಹುಡುಗರು ಕೂಗುತ್ತಿದ್ದರು. ಅತ್ತೆ ಹಿಟ್ಟಿನ ಪುಟ್ಟಿ ತಲೆಗಿಟ್ಟು ಬಂದುಬಿಡುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ನಾನು ದವಡೆ ಬಿಗಿದುಕೊಂಡೇ ಓಡಾಡುತ್ತಿದ್ದೆ.

ಕಾರ್ತೀಕದಲ್ಲಿ ಚಿರತೆ ಗೌಡರ ಹೊಲದ ಕೊಟ್ಟಿಗೆಗೆ ನುಗ್ಗಿ ಪಡ್ಡೆ ಆಕಳೊಂದನ್ನು ಕೊಂದಿತು. ಬೆಳಿಗ್ಗೆ ನಾವು ರೊಟ್ಟಿ ಕಟ್ಟಿಕೊಳ್ಳುವ ಮೊದಲೇ ಜೀಪು ಬಂದಿತ್ತು. ದನದ ಡಾಕ್ಟರೂ ಬಂದಿದ್ದರು. ನಮ್ಮ ಅರ್ಜಿ ಎಷ್ಟು ಸಲ ಬಸ್ಸು ಹತ್ತಿತ್ತು! ಗೌಡರು ಒಂದು ಫೋನು ಮಾಡಿದ್ದರು.

ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದು ದೂರ ನಿಂತರು. ಬೊಮ್ಮಪ್ಪನನ್ನು ಕರೆಸಿದರು. "ಕೊಯ್ಯಿ. ಅಲ್ಲಿ ತೋರಿಸು. ಇಲ್ಲಿ ತೋರಿಸು." ಬೊಮ್ಮಪ್ಪ ಮೊಣಕೈವರೆಗೆ ರಕ್ತ ಮಾಡಿಕೊಂಡು ತೋರಿಸಿದ. ಅವರು ಬರೆದುಕೊಂಡರು. ಗೌಡರ ಹೆಂಡತಿ ನೀಲಗಂಗಮ್ಮ ಸತ್ತ ಆಕಳಿನ ಹಣೆಗೆ ಅರಿಶಿನ ಕುಂಕುಮ ಹಚ್ಚಿ ಕಣ್ಣೀರು ಹಾಕಿದರು. ಅವರ ಅಳು ಸುಳ್ಳಲ್ಲ. ನಮ್ಮ ಅತ್ತೆಯದೂ ಸುಳ್ಳಿರಲಿಲ್ಲ.

"ಆಳವಾಗಿ ಹೂಳಬೇಕು" ಎಂದರು ರೇಂಜರು. ನಮ್ಮ ಕಡೆ ನೋಡಿ, "ರಾತ್ರಿ ತೆಗೆದು ತಿಂದೀರಿ, ಹುಷಾರ್" ಎಂದರು.

ಗುಂಡಿ ತೋಡಿದವರು ನಾವು. ಗರಸು ನೆಲ, ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಗಂಡಸರು ಅಗೆದರು, ನಾನೂ ಅತ್ತೆಯೂ ಪುಟ್ಟಿಯಲ್ಲಿ ಮಣ್ಣು ಹೊತ್ತೆವು. ಸಾಹೇಬರಿಗೆ ಚಹಾ ಬಂತು. ನಮಗೆ ಬೊಗಸೆಗೆ ಮೇಲಿನಿಂದ ನೀರು ಹೊಯ್ದರು. ಕೂಲಿ ಕೇಳಿದ್ದಕ್ಕೆ ಗೌಡರ ಮಗ ಗವಿಸಿದ್ದೇಶ್, "ಸತ್ತ ದನ ಹೂಳಾಕ ಯಾವನ್ಲೇ ಕೂಲಿ ಕೊಡ್ತಾನ?" ಎಂದ.

ಗುಂಡಿಯ ಮಣ್ಣು ಕುಸಿಯುವ ಮೊದಲೇ ಗೌಡರಿಗೆ ಪರಿಹಾರದ ಚೆಕ್ಕು ಬಂತು. ದೊಡ್ಡವರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇದು. ನಮ್ಮದು ನಿಜವಾಗಿ ಈದರೂ ಹಾಲು ಕರೆದು ತೋರಿಸು ಎನ್ನುತ್ತಾರೆ. ಆದರೆ ಗೌಡರಿಗೆ ಚೆಕ್ಕು ಸಾಲಲಿಲ್ಲ. ಚಿರತೆಯನ್ನೇ ಹಿಡಿಯಬೇಕು ಎಂದು ಹಟ ಹಿಡಿದರು.

ಹಾಗೆ ಬೋನು ಬಂತು.

ಒಂದು ಮಧ್ಯಾಹ್ನ ಟ್ರ್ಯಾಕ್ಟರಿನಲ್ಲಿ ತಂದರಂತೆ. ಬೊಮ್ಮಪ್ಪನನ್ನೂ ಕೇರಿಯ ಗಂಡಸರನ್ನೂ ಕರೆದು ಗುಡ್ಡದ ಬುಡದಲ್ಲಿ ಇಳಿಸಿಕೊಂಡರಂತೆ. ನಾವು ಅಲ್ಲಿರಲಿಲ್ಲ. ನಾವು ಗೌಡರದೇ ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದೆವು. ನಾವು ಅವರ ಹೊಲದಲ್ಲಿ ಬಗ್ಗಿದ್ದಾಗ ಅವರು ನಮ್ಮ ಮನೆಗೆ ಹೋಗಿದ್ದರು.

ಕೂಲಿ ಮುಗಿಸಿ ಬಂದರೆ ದೊಡ್ಡಿಯ ಮುಳ್ಳುಬಾಗಿಲು ಪಕ್ಕಕ್ಕೆ ಬಿದ್ದಿತ್ತು. ಕೆಂಪಿ ಇಲ್ಲ. ಅತ್ತೆ ಒಲೆಯ ಹಿಂದೆ ನೋಡಿದಳು. ಅಲ್ಲೂ ಇಲ್ಲ. ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲಿಂದ ಹೇಳಿದಳು:

"ಗಾರ್ಡ್ ಮಂಜಣ್ಣ, ಗೌಡ್ರ ಮಗ ಬಂದು ಎಳ್ಕಂಡು ಹೋದ್ರು. ಬೋನಿಗೆ ಕಟ್ಟಾಕ ಅಂತ. ನಾನು ಬ್ಯಾಡ ಅಂದೆ, ಸರ್ಕಾರದ್ದು ಸುಮ್ಮನಿರು ಅಂದ್ರು."

ಕಳೆ ತೆಗೆಯುವ ಕುರುಚಿಗೆ ಅತ್ತೆಯ ಕೈಯಲ್ಲೇ ಇತ್ತು. ಅದನ್ನು ಎಸೆದು ಓಡಿದಳು. ಆ ವಯಸ್ಸಿನಲ್ಲಿ, ದಿನವಿಡೀ ಬಗ್ಗಿದ ಸೊಂಟದಲ್ಲಿ, ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ಕೇರಿಯವರು ಏನೆಂದು ತಿಳಿಯದೆ ಹಿಂದೆ ಬಂದರು. ಅರ್ಧ ದಾರಿಗೇ ಕೆಂಪಿಯ ಕೂಗು ಕೇಳಿಸಿತು.

ಬೋನಿಗೆ ಎರಡು ಖಾನೆ. ಮುಂದಿನದು ಚಿರತೆಗೆ, ಹಿಂದಿನದು ಮೇಕೆಗೆ. ನಡುವೆ ಸರಳು. ಹಿಂದಿನ ಖಾನೆಯಲ್ಲಿ ಕೆಂಪಿಯನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿದ್ದರು. ಹೊಟ್ಟೆ ಎರಡೂ ಕಡೆ ಸರಳಿಗೆ ತಾಗುತ್ತಿತ್ತು. ರೇಂಜರು, ಗೌಡರು, ಗವಿಸಿದ್ದೇಶ್, ಮಂಜಣ್ಣ, ಎಲ್ಲ ಅಲ್ಲೇ ನಿಂತಿದ್ದರು.

"ನನ್ನ ಮ್ಯಾಕಿ ಯಾರು ತಂದ್ರಿ?" ಎಂದಳು ಅತ್ತೆ.

"ಏ ಪಕ್ಕೀರಿ, ಯಾಕ ಬಾಯಿ ಮಾಡ್ತಿ?" ಎಂದರು ಗೌಡರು. "ಊರಿನ ಕೆಲಸ ಐತಿ. ಚಿರತಿ ಬಿದ್ದ ಮ್ಯಾಲೆ ನಿನ್ನ ಮ್ಯಾಕಿ ನಿನಗ."

"ಗಬ್ಬ ಐತ್ರಿ. ಚಿರತಿ ಮಕ ನೋಡಿದ್ರ ಹೆದ್ರಿಕಿಗೇ ಮರಿ ಬೀಳತಾವು. ನನಗಿರಾದು ಇದೊಂದ ಐತಿ."

"ಅದರ ಖಾನೆ ಬೇರೆ ಇದೆಯಮ್ಮ" ಎಂದರು ರೇಂಜರು. "ಚಿರತೆ ಮುಟ್ಟೋಕಾಗಲ್ಲ. ಏನೂ ಆಗಲ್ಲ."

"ಏನೂ ಆಗಂಗಿಲ್ಲ ಅಂದ್ರ ಗೌಡ್ರ ಕರು ಕಟ್ರಿ."

ಗೌಡರು ಎರಡೂ ಕಿವಿ ಮುಟ್ಟಿಕೊಂಡರು. "ಶಿವಶಿವಾ! ಕರು ಅಂದ್ರ ಬಸವಣ್ಣ. ಯಾರಾರ ಬೋನಿಗೆ ಕಟ್ತಾರೇನು? ಮ್ಯಾಕಿ ಅಂದ್ರ ತಿನ್ನಾದು."

"ತಿನ್ನಾದು ಯಾರು ಗೌಡ್ರ?"

"ನೀವ. ಮತ್ತ್ಯಾರು?"

"ಹಂಗಾರ ನಮ್ಮದಾತು. ನಮ್ಮದನ್ನ ನಾವು ಒಯ್ತೀವಿ."

ಅತ್ತೆ ಹಿಂದಿನ ಖಾನೆಯ ಅಗುಳಿ ಎಳೆದಳು. ಮಂಜಣ್ಣ ಅವಳ ರಟ್ಟೆ ಹಿಡಿದ. ಅವಳು ಕೊಸರಿಕೊಂಡು ಒಳಗೆ ಕೈ ಹಾಕಿ ಹಗ್ಗ ಬಿಚ್ಚಿ ಕೆಂಪಿಯನ್ನು ಹೊರಗೆ ಎಳೆದಳು. ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ಕೆಂಪಿ ನನ್ನ ಸೀರೆಯೊಳಗೆ ಮುಖ ಹುದುಗಿಸಿ ನಡುಗುತ್ತಿತ್ತು.

"ತಲೆ ಕೆಟ್ಟಿದೆಯಾ ನಿನಗೆ? ಮತ್ತೆ ಕಟ್ಟು!" ಎಂದು ರೇಂಜರು ಕೂಗಿದರು. "ಬೋನಿಗೆ ಜೀವ ಬೇಕು. ಜೀವ ಇಲ್ಲದೆ ಚಿರತೆ ಬರಲ್ಲ."

ಅತ್ತೆ ಅವರನ್ನು ನೋಡಿದಳು. ಬೋನನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಆ ಖಾನೆಯೊಳಗೆ ತೂರಿಕೊಂಡು ಕುಳಿತಳು. ಬಾಗಿಲನ್ನು ತಾನೇ ಒಳಗಿನಿಂದ ಎಳೆದುಕೊಂಡಳು.

"ಜೀವ ಬೇಕಲ್ಲ ಸಾಮಿ? ನಾನು ಕುಂತೀನಿ. ನನ್ನ ಮೈ ಮ್ಯಾಕಿ ವಾಸನಿನ ಐತಿ. ಬರತೈತಿ ಬಿಡ್ರಿ."

ಗವಿಸಿದ್ದೇಶ್ ನಕ್ಕ. "ನಡೀಯಪ್ಪ, ಕತ್ತಲಾದ್ರ ತಾನ ಬರ್ತಾಳ."

"ನೀನು ನಡಿ ಸಣ್ಣಗೌಡ, ನಾನು ಬರಂಗಿಲ್ಲ." ಅತ್ತೆಯ ದನಿ ಏರಿತು. ಹಾಗೆ ಏಕವಚನದಲ್ಲಿ ಗೌಡರ ಮನೆಯವರನ್ನು ನಮ್ಮ ಕೇರಿಯವರು ಮಾತಾಡಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ರೇಂಜರ ಕಡೆ ತಿರುಗಿದಳು. "ಈ ಸರ್ತಿ ಹೆಣ ಉಳೀತೈತಿ ಸಾಮಿ. ನಮ್ಮ ಕೇರ್ಯಾಗ ಮನಿಷೇರ್ನ ತಿನ್ನಂಗಿಲ್ಲ. ಬಂದು ಪೋಟ ಹಿಡ್ಕಂಡು ಹೋಗ್ರಿ."

ಯಾರೂ ನಗಲಿಲ್ಲ. ಗವಿಸಿದ್ದೇಶನೂ ನಗಲಿಲ್ಲ. ನನಗೆ ಅಳು ಬಂತು. ಅಳು ಅಲ್ಲ, ಸಿಟ್ಟು. ಅವತ್ತು ಮಡಕೆ ತನ್ನಿ ಎಂದಾಗ ಇದೇ ಸಿಟ್ಟು ಎಲ್ಲಿ ಸತ್ತಿತ್ತೋ!

ರೇಂಜರ ಮುಖ ಕೆಂಪಾಯಿತು. "ಇದು ಸರ್ಕಾರಿ ಕೆಲಸಕ್ಕೆ ಅಡ್ಡಿ. ಪೊಲೀಸರನ್ನ ಕರೆಸ್ತೀನಿ. ಕೇಳಿ ಎಲ್ಲರೂ, ಇನ್ನು ಮೇಲೆ ಈ ಕೇರಿಯ ಒಂದು ಅರ್ಜಿಯನ್ನೂ ನಾನು ತಗೊಳ್ಳಲ್ಲ."

"ತಗಂಡಿದ್ದು ಯಾವುದು ಸಾಮಿ?" ಎಂದಳು ಅತ್ತೆ ಸರಳಿನ ಹಿಂದಿನಿಂದ.

ರೇಂಜರು ಟ್ರ್ಯಾಕ್ಟರಿನ ಕಡೆ ಕೈ ತೋರಿಸಿದರು. "ಇವಳ ಸಮೇತ ಎತ್ತಿ ಟ್ರ್ಯಾಕ್ಟರಿಗೆ ಹಾಕ್ರಿ. ಸ್ಟೇಷನ್ನಿಗೇ ಹೋಗಲಿ" ಎಂದು ಕೇರಿಯ ಗಂಡಸರಿಗೆ ಹೇಳಿದರು.

ಗಂಡಸರು ಬೊಮ್ಮಪ್ಪನ ಮುಖ ನೋಡಿದರು. ಬೊಮ್ಮಪ್ಪ ಕೈ ಕಟ್ಟಿಕೊಂಡ. "ಎತ್ತಾಕ ಬರಂಗಿಲ್ಲ ಸಾಹೇಬ್ರ."

"ಮಧ್ಯಾಹ್ನ ನೀವೇ ಇಳಿಸಿದ್ರಲ್ಲ?"

"ಇಳಸ್ವಾಗ ನಮ್ಮ ಮ್ಯಾಕಿ ಕಟ್ತೀರಿ ಅಂತ ನೀವು ಹೇಳಲಿಲ್ಲ."

ಮಂಜಣ್ಣನೂ ಡ್ರೈವರನೂ ಗವಿಸಿದ್ದೇಶನೂ ಕೈ ಹಾಕಿದರು. ಬೋನು ಮಿಸುಕಲಿಲ್ಲ. ಮಂಜಣ್ಣ ಅಂಗೈಯನ್ನು ಕಬ್ಬಿಣಕ್ಕೆ ಕೊಯ್ದುಕೊಂಡು 'ಅವ್ವಾ' ಎಂದ. ಗೌಡರು ಕೈ ಹಾಕಲಿಲ್ಲ. ಒಳಗೆ ನಮ್ಮವಳು ಕುಳಿತಿದ್ದಳಲ್ಲ, ಕಬ್ಬಿಣಕ್ಕೂ ಮೈಲಿಗೆಯಾಗಿತ್ತು. ಕೇರಿಯ ಹೆಂಗಸರು ಒಬ್ಬೊಬ್ಬರೇ ಬಂದು ಬೋನಿನ ಸುತ್ತ ಕುಳಿತರು. ನಾನೂ ಕೆಂಪಿಯನ್ನು ತೊಡೆಗೆ ಒರಗಿಸಿಕೊಂಡು ಕುಳಿತೆ. ಹೊತ್ತು ಮುಳುಗುತ್ತಿತ್ತು. ಚಿರತೆ ಇಳಿಯುವ ಹೊತ್ತು. ಅದು ನಮಗಿಂತ ಮೊದಲು ನೆನಪಾದದ್ದು ಜೀಪಿನವರಿಗೆ. ಬೋನನ್ನು ಅಲ್ಲೇ ಬಿಟ್ಟು ಹೊರಟುಹೋದರು. ಗೌಡರೂ ಮಗನ ಬೈಕು ಹತ್ತಿದರು.

ಅತ್ತೆ ಮಂಡಿಯೂರಿಕೊಂಡೇ ಹೊರಗೆ ಬಂದಳು. ನಾನು ತೋಳು ಹಿಡಿದು ಎಬ್ಬಿಸಿದೆ.

"ಹೆದ್ರಿದ್ಯಾ ಅತ್ತಿ?"

"ಹೆದ್ರಲಿಲ್ಲಂದ್ರ ನಾನೇನು ಕಲ್ಲೇನಲೇ? ಅಲ್ಲಾ, ಆ ಇಕ್ಕಟ್ಟಿನಾಗ ಗಬ್ಬದ ಮ್ಯಾಕಿ ಕಟ್ಯಾರಲ್ಲ, ಅವ್ರ ಕೈ ಸೇದಿ ಹೋಗ" ಎಂದು ಬೈಯುತ್ತಾ ಕೆಂಪಿಯ ಹೊಟ್ಟೆ ಸವರಿದಳು. ಮರಿ ಒದ್ದಿತು ಎಂದಳು.

ಗೌಡರು ಸುಮ್ಮನಿರುವ ಜನವಲ್ಲ. ಮರುದಿನ ಬೆಳಿಗ್ಗೆ ತೀರ್ಮಾನ ಮಾಡಿದರು: ಕೇರಿಯವರನ್ನು ಯಾರೂ ಕೂಲಿಗೆ ಕರೆಯಬಾರದು, ಕೇರಿಯ ಮೇಕೆ ಊರಿನ ಯಾವ ಹೊಲದ ಬದುವನ್ನೂ ತುಳಿಯಬಾರದು. ಇದನ್ನು ಡಂಗುರ ಸಾರಬೇಕು. ಊರಿನಲ್ಲಿ ಡಂಗುರ ಸಾರುವುದು ಬೊಮ್ಮಪ್ಪನ ಮನೆತನದ ಕೆಲಸ. ನಮ್ಮನ್ನು ಹೊರಗೆ ಹಾಕುವುದಕ್ಕೂ ನಮ್ಮದೇ ಹಲಗೆ ಬೇಕಾಗಿತ್ತು. ಬೊಮ್ಮಪ್ಪ ಹಲಗೆಯನ್ನು ಗೋಡೆಗೆ ನೇತುಹಾಕಿ, "ತೊಗಲು ತೂತಾಗೈತಿ" ಎಂದು ಹೇಳಿ ಕಳಿಸಿದ. ತೂತಾಗಿರಲಿಲ್ಲ.

ಕೊನೆಗೆ ಗವಿಸಿದ್ದೇಶನೇ ಬಂದ. ಹಳ್ಳದ ಈಚೆಗೆ, ಕೇರಿಯ ಬಾಯಲ್ಲಿರುವ ಬೇವಿನ ಮರದ ಕೆಳಗೆ ಬೈಕು ನಿಲ್ಲಿಸಿದ. ಅಲ್ಲಿಂದ ಮುಂದಕ್ಕೆ ಅವರ ಮನೆತನದ ಯಾರೂ ಹಗಲು ಹೊತ್ತು ಎಲ್ಲರ ಕಣ್ಣೆದುರು ಕಾಲಿಟ್ಟವರಲ್ಲ. ಮೇಕೆ ಕದಿಯಲು ಬಂದಿದ್ದ, ಅದು ಬೇರೆ. ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಕೂಗತೊಡಗಿದ.

"ಕೇರಿಯವ್ರು ಕೇಳ್ರಿ! ಇವತ್ತಿಂದ ನಿಮಗ..."

ಮನೆ ಮನೆಯಿಂದ ಜನ ಹೊರಗೆ ಬಂದು ನಿಂತರು. ಅತ್ತೆ ದೊಡ್ಡಿಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ಅವನು ಕೂಗಿ ಮುಗಿಸುವವರೆಗೂ ಕಾದಳು. ಆಮೇಲೆ ಅಂದಳು:

"ಕೇಳವಲ್ದು ಸಣ್ಣಗೌಡ. ಒಳಗ ಬಂದು ಹೇಳು."

ಅವನು ಮತ್ತೆ ಕೂಗಿದ. ಗಂಟಲು ಒಡೆಯುವಂತೆ ಕೂಗಿದ.

"ಕೇಳವಲ್ದೋ. ಒಳಗ ಬಾ."

ಈ ಸಲ ಬೊಮ್ಮಪ್ಪನೂ ಹೇಳಿದ. ಆಮೇಲೆ ನಾನು ಹೇಳಿದೆ. ಆಮೇಲೆ ಇಡೀ ಕೇರಿ ಹೇಳಿತು. ಅವನು ಬೇವಿನ ಮರದ ಕೆಳಗೆ ಒಂದು ಕಾಲು ಮುಂದಿಟ್ಟು, ಹಿಂದೆ ತೆಗೆದ. ಬೈಕು ತಿರುಗಿಸಿಕೊಂಡು ಹೋದ.

ನಮಗೆ ಎಲ್ಲ ಕೇಳಿಸಿತ್ತು. ಕೂಲಿ ಇಲ್ಲ, ಬದು ಇಲ್ಲ. ಅತ್ತೆ ದೋಟಿ ಹೆಗಲಿಗಿಟ್ಟು ಕೆಂಪಿಯನ್ನು ಬಿಚ್ಚಿದಳು. ನಾನು ಕುಡುಗೋಲು ತೆಗೆದುಕೊಂಡೆ. ಊರಿನ ಹೊಲಗಳೆಲ್ಲ ಮುಚ್ಚಿದ ಮೇಲೆ ಮೇಯಿಸಲು ಚಿರತೆಯ ಗುಡ್ಡವೊಂದೇ ಉಳಿದಿತ್ತು. ಅಲ್ಲಿಗೇ ಹತ್ತಿದೆವು.